ಬೆಣ್ಣೆಹಣ್ಣು ಬಿಡಬೇಕಾ, ಕಾಫಿ ಬಿಡಬೇಕಾ?

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 152 ಬಂದಿದೆ. ಮೂರು ತಿಂಗಳು ಪಥ್ಯ ಮಾಡಿ, ಆಮೇಲೆ ಮಾತ್ರೆ ವಿಚಾರ ನೋಡೋಣ ಅಂದಿದ್ದಾರೆ ಡಾಕ್ಟರು. ಬೆಣ್ಣೆಹಣ್ಣು, ಕಡಲೆಕಾಯಿ ಎರಡನ್ನೂ ನಿಲ್ಲಿಸಿ ಅಂತಾಳೆ ನಾದಿನಿ. ಇವರಿಗೋ ದಿನಕ್ಕೆ ನಾಲ್ಕು ಸಲ ಫಿಲ್ಟರ್ ಕಾಫಿ ಆಗಲೇಬೇಕು. ಏನು ಬಿಡಿಸಲಿ, ಏನು ಕೊಡಲಿ?
– ಗೃಹಿಣಿ, ಹಾಸನ

ಉತ್ತರ: ನಾದಿನಿ ಹೇಳಿದ ಎರಡನ್ನೂ ಬಿಡಬೇಕಾಗಿಲ್ಲ. ಕೊಲೆಸ್ಟ್ರಾಲ್ ಇರುವುದು ಮಾಂಸ, ಮೊಟ್ಟೆ, ಹಾಲು ಇಂಥವುಗಳಲ್ಲಿ. ಗಿಡದಲ್ಲಿ ಬೆಳೆಯುವುದರಲ್ಲಿ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. (ಎಣ್ಣೆ ಪ್ಯಾಕೆಟ್ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಅಂತ ದಪ್ಪಕ್ಷರದಲ್ಲಿ ಬರೆಯುವುದು ಸುಮ್ನೆ ವ್ಯಾಪಾರ. ಹಾಗಂತ ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ ಧಾರಾಳವಾಗಿ ಸುರಿದರೆ ಎಲ್‌ಡಿಎಲ್ ಏರುತ್ತದೆ.) ಬೆಣ್ಣೆಹಣ್ಣಿನಲ್ಲಿ ಕೊಬ್ಬು ಇದೆ ನಿಜ, ಆದರೆ ಬಹುಪಾಲು ಆಲಿವ್ ಎಣ್ಣೆಯಲ್ಲಿರುವ ಜಾತಿಯದು. ಚಪಾತಿಗೆ ತುಪ್ಪ ಸವರುವ ಬದಲು ಅದನ್ನೇ ಹಿಸುಕಿ, ನಿಂಬೆಹಣ್ಣು ಹಿಂಡಿ ಕೊಡಿ. ಸಕ್ಕರೆ, ಐಸ್‌ಕ್ರೀಂ ಹಾಕಿದ ಮಿಲ್ಕ್‌ಶೇಕ್ ಮಾತ್ರ ಬೇಡ. ಕಡಲೆಕಾಯಿ ಬೀಜ ಒಂದು ಹಿಡಿ ಸಾಕು, ಕರಿದದ್ದು ಬೇಡ.

ನನಗೆ ಅನುಮಾನ ಇರುವುದು ಕಾಫಿಯ ಮೇಲೆ. ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಅನ್ನುವ ಅಂಶ ಇದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ಹೆಚ್ಚುಕಡಿಮೆ ಪೂರ್ತಿ ಹಿಡಿದಿಡುತ್ತದೆ, ಆದರೆ ನಮ್ಮ ಸ್ಟೀಲ್ ಫಿಲ್ಟರಿನ ತೂತುಗಳಿಗೆ ಅಷ್ಟು ಸಾಮರ್ಥ್ಯ ಇಲ್ಲ. ಪುಡಿ ಹಾಕಿ ಕುದಿಸಿ ಬಟ್ಟೆಯಲ್ಲಿ ಸೋಸಿದರೂ ಸ್ವಲ್ಪ ಕಪ್ಪಿಗೆ ಇಳಿದೇ ಇಳಿಯುತ್ತದೆ. ಹಾಸನದವರಿಗೆ ಕಾಫಿ ಬಿಡಿ ಅನ್ನುವ ಧೈರ್ಯ ನನಗಿಲ್ಲ, ಅದರ ಅಗತ್ಯವೂ ಇಲ್ಲ. ನಾಲ್ಕನ್ನು ಎರಡು ಮಾಡಿ, ಗಟ್ಟಿ ಹಾಲಿನ ಬದಲು ಕೆನೆ ತೆಗೆದ ಹಾಲು ಹಾಕಿ, ಸಾಧ್ಯವಾದರೆ ಡಿಕಾಕ್ಷನ್ನನ್ನು ಇನ್ನೊಮ್ಮೆ ಕಾಗದದ ಫಿಲ್ಟರಿನಲ್ಲಿ ಸೋಸಿ.

ಇನ್ನು ಕೊಡಬೇಕಾದ್ದು ನೀರಲ್ಲಿ ಲೋಳೆಯಾಗುವ ನಾರು. ಅದು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಒಯ್ಯುತ್ತದೆ, ಹೊಸ ಪಿತ್ತ ಮಾಡಲು ಲಿವರ್ ರಕ್ತದಲ್ಲಿರುವ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳಬೇಕಾಗುತ್ತದೆ. ಓಟ್ಸ್ ಮತ್ತು ಬಾರ್ಲಿಯಲ್ಲಿ ಇಂಥ ನಾರು ಚೆನ್ನಾಗಿದೆ. ದಿನಕ್ಕೆ 3 ಗ್ರಾಂ ಬೇಕು, ಅಂದರೆ ಸುಮಾರು 75 ಗ್ರಾಂ ಓಟ್ಸ್. ಬಾರ್ಲಿ ನೀರನ್ನು ಸೋಸಿ ಕುಡಿದು ಕಾಳನ್ನು ಎಸೆಯುವವರೇ ಜಾಸ್ತಿ, ನಾರು ಬಹಳಷ್ಟು ಉಳಿಯುವುದು ಆ ಕಾಳಿನಲ್ಲೇ ಅಲ್ವಾ! ಕಾಳನ್ನೂ ಮಜ್ಜಿಗೆಗೆ ಹಾಕಿ ಕೊಡಿ. ಹುರುಳಿ ಬಸ್ಸಾರು ಮಾಡಿದರೂ ಅಷ್ಟೇ, ಕಟ್ಟಿನ ಜೊತೆ ಕಾಳಿನ ಪಲ್ಯವನ್ನೂ ಬಡಿಸಿ. ಇಸಬ್ಗೋಲ್ ಕೊಡುವುದಾದರೆ ದೊಡ್ಡ ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿಸಬೇಕು. ಬೇರೆ ಮಾತ್ರೆಗಳಿದ್ದರೆ ಒಂದೆರಡು ಗಂಟೆ ಅಂತರ ಇರಲಿ.

ಮೂರು ತಿಂಗಳ ನಂತರ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಗಳಾದ ಅಟೊರ್ವಾಸ್ಟಾಟಿನ್ ಅಥವಾ ಸಿಮ್ವಾಸ್ಟಾಟಿನ್ ಬರೆದುಕೊಟ್ಟರೆ ಮನೆಗೆ ಚಕ್ಕೋತ ತರುವ ಮುನ್ನ ಡಾಕ್ಟರನ್ನು ಒಂದು ಮಾತು ಕೇಳಿ. ದೇವನಹಳ್ಳಿಯದಾದರೂ ಸರಿ, ಆ ಹಣ್ಣು ಈ ಮಾತ್ರೆಗಳ ಅಂಶವನ್ನು ರಕ್ತದಲ್ಲಿ ಏರಿಸಬಹುದು.