ಓದುಗರ ಪ್ರಶ್ನೆ: ಒರಲೆಗೆ ಸಿಕ್ಕಿದ ಕಪಾಟು, ಅಡಿಕೆ ರಾಶಿಯ ಪಕ್ಕದ ಕಾದಂಬರಿ

ಪ್ರಶ್ನೆ: ಅಕ್ಕಾ, ಈ ಮಳೆಗಾಲದಲ್ಲಿ ನನ್ನ ಕಪಾಟಿನ ಕೆಳಗಿನ ಸಾಲು ಪೂರ್ತಿ ಒರಲೆಯ (ಗೆದ್ದಲಿನ) ಪಾಲಾಯಿತು. ಬೆಂಗಳೂರಿನಲ್ಲಿರುವ ಮಗ ‘ಇನ್ನು ಪುಸ್ತಕ ತರಬೇಡಿ ಅಪ್ಪ, ಫೋನಿನಲ್ಲೇ ಓದಿ’ ಅನ್ನುತ್ತಾನೆ. ನನಗೆ 64. ಫೋನಿನಲ್ಲಿ ಓದಿದರೆ ಓದಿದ ಹಾಗೇ ಆಗುವುದಿಲ್ಲ. ನೀವು ಯಾವುದರಲ್ಲಿ ಓದುತ್ತೀರಿ?
(ಬದಿಯಡ್ಕದ ಓದುಗರು)

ಉತ್ತರ: ಒರಲೆಯ ವಿಷಯದಲ್ಲಿ ನಾನೂ ನಿಮ್ಮ ಬಳಗದವಳೇ. ಕೇರಳದ ಗಡಿಯೊಳಗಿನ ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಕಪಾಟನ್ನು ಗೋಡೆಗೆ ತಾಗಿಸಿ ಇಟ್ಟಿದ್ದೀರಿ ಅಂತ ಕಾಣುತ್ತದೆ, ಅಲ್ವಾ? ನಾನೂ ಹಾಗೇ ಇಟ್ಟಿದ್ದೆ. ಎದುರಿನಿಂದ ನೋಡಿದರೆ ಪುಸ್ತಕಗಳು ಸಾಲಾಗಿ ನೆಟ್ಟಗೆ ನಿಂತಿದ್ದವು. ಒಂದನ್ನು ಎಳೆದೆ. ಕೈಗೆ ಬಂದದ್ದು ರಟ್ಟು ಮಾತ್ರ, ಒಳಗೆಲ್ಲ ಮಣ್ಣು. ಈಗ ಕಪಾಟು ಗೋಡೆಯಿಂದ ಒಂದು ಗೇಣು ಈಚೆ ನಿಂತಿದೆ. ಮಳೆ ಬಿಟ್ಟ ದಿನ ಪುಸ್ತಕಗಳನ್ನು ಜಗಲಿಯ ನೆರಳಿನಲ್ಲಿ ಹರಡುತ್ತೇನೆ. ಅಂಗಳದ ಬಿಸಿಲಿಗೆ ಹಾಕಬೇಡಿ, ಹಾಳೆ ಹಳದಿಯಾಗುತ್ತದೆ.

ಇ-ಪುಸ್ತಕಕ್ಕೆ ನಾನು ಇಷ್ಟಪಟ್ಟು ಹೋದವಳಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತಲ್ಲ, ಕರ್ನಾಟಕದ ಕಡೆಯಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಬಂದ್ ಮಾಡಿದ್ದರು. ಕನ್ನಡ ಪುಸ್ತಕ ಬೇಕಾದರೆ ನನಗೆ ಪುತ್ತೂರೋ ಮಂಗಳೂರೋ ಗತಿ. ಜನರಿಗೆ ಆಸ್ಪತ್ರೆಗೇ ದಾರಿ ಇಲ್ಲದ ಹೊತ್ತಿನಲ್ಲಿ ನನ್ನ ಕಾದಂಬರಿಯ ಚಿಂತೆ ಯಾರಿಗೆ? ಸೊಸೆ ಫೋನಿನಲ್ಲಿ ಒಂದನ್ನು ಇಳಿಸಿಕೊಟ್ಟಳು. ಅವಳು ಚಹಾ ಸೋಸಿ ತರುವಷ್ಟರಲ್ಲಿ ಪುಸ್ತಕ ಬಂದಾಗಿತ್ತು.

ಆದರೆ ಫೋನಿನ ಬಗ್ಗೆ ನೀವು ಹೇಳಿದ್ದು ನಿಜ. ಎರಡು ಪುಟ ಓದುವುದರೊಳಗೆ ಕುಟುಂಬದ ಗ್ರೂಪಿನಲ್ಲಿ ಯಾರಾದರೂ ಶುಭೋದಯ ಹೇಳುತ್ತಾರೆ. ಮಗನಿಗೆ ಖರ್ಚು ಮಾಡುವ ಮನಸ್ಸಿದ್ದರೆ ಒಂದು ಟ್ಯಾಬ್ ಕೊಡಿಸಲಿ. ಇ-ಪುಸ್ತಕ ಓದಲೆಂದೇ ಇರುವ ಕಿಂಡಲ್ ಕೊಡಿಸುವುದಾದರೆ ಸ್ವಲ್ಪ ತಾಳಿ. ಅದರ ಇ-ಇಂಕ್ ಪರದೆ ಕಣ್ಣಿಗೆ ತಂಪು, ಪುಟ ಬದಲಾಗುವಾಗ ಮಾತ್ರ ಕರೆಂಟು ಎಳೆಯುತ್ತದೆ. ವಾರಗಟ್ಟಲೆ ಚಾರ್ಜು ಬೇಡ, ನಮ್ಮ ಮಳೆಗಾಲದ ಕರೆಂಟಿಗೆ ಹೇಳಿ ಮಾಡಿಸಿದ್ದು. ಆದರೆ 2016ರಲ್ಲಿ ಅಮೆಜಾನ್ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳನ್ನು ಸೇರಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಮಲಯಾಳಂ ಓದುವ ನನ್ನ ಸೊಸೆಗೆ ಹಬ್ಬ, ನನಗೆ ಉಪವಾಸ. ನಾನು ಕನ್ನಡ ಓದುವುದು ಟ್ಯಾಬ್‌ನಲ್ಲೇ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕ ಸಿಗುತ್ತವೆ. ಮೈಲ್ಯಾಂಗ್‌ನಂಥ ಕನ್ನಡದ್ದೇ ಆಪ್ ಕೂಡ ಇದೆ.

ಕೊಳ್ಳುವಾಗ ಒಂದು ನೋಡಿಕೊಳ್ಳಿ. ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಅಂದರೆ ಅದು ಸುಮ್ನೆ ಪುಟದ ಫೋಟೋ. ದೊಡ್ಡದು ಮಾಡಿದರೆ ಸಾಲಿನ ಅರ್ಧ ಪರದೆಯಿಂದ ಹೊರಗೆ. ಪ್ರತಿ ಸಾಲಿಗೂ ಬೆರಳಲ್ಲಿ ಎಳೆಯುತ್ತಾ ಕೂರಬೇಕು. ಇಪಬ್ ಅನ್ನುವ ಇ-ಪುಸ್ತಕದ ನಮೂನೆ ಆದರೆ ಅಕ್ಷರ ದೊಡ್ಡದಾದ ಹಾಗೆ ಸಾಲೂ ತಾನಾಗಿ ಮಡಚಿಕೊಳ್ಳುತ್ತದೆ. ‘ಸ್ತ್ರೀ’ಯಂಥ ಅಕ್ಷರದ ಕೆಳಗೆ ಒತ್ತುಗಳು ಒಂದರ ಮೇಲೊಂದು ಕೂತಿರುತ್ತವಲ್ಲ, ನಮ್ಮ ವಯಸ್ಸಿನ ಕಣ್ಣಿಗೆ ಅದು ಬಿಡಿಸಿ ಕಾಣುವುದು ಹೀಗೆ ಹಿಗ್ಗಿಸಿದಾಗಲೇ.

ಕವನ ಮಾತ್ರ ನನಗೆ ಇವತ್ತಿಗೂ ಕಾಗದದ ಮೇಲೆಯೇ ಬೇಕು. ಕಾರಣ ಕೇಳಬೇಡಿ.

ಪ್ರಶ್ನೆ: ನನ್ನ ಗಂಡ ಆಡಿಯೊ ಪುಸ್ತಕ ಕೇಳಿ ‘ಓದಿದೆ’ ಅಂತ ಊರೆಲ್ಲ ಹೇಳಿಕೊಳ್ಳುತ್ತಾರೆ. ಕೇಳಿದ್ದು ಓದಿದ ಲೆಕ್ಕವಾ?
(ಮುಳ್ಳೇರಿಯದ ಓದುಗರು)

ಉತ್ತರ: ಹೇಳಿಕೊಳ್ಳಲಿ ಬಿಡಿ ಮಾರಾಯ್ರೆ. ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಸೀಮೆಯವರು ನಾವು. ವೇಷ ಇಲ್ಲ, ಕುಣಿತ ಇಲ್ಲ, ಬರೀ ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತು. ಅಷ್ಟಕ್ಕೇ ತಾಳಮದ್ದಳೆಯಲ್ಲಿ ಬೆಳಗಿನವರೆಗೆ ಕೂರುತ್ತಿದ್ದರಲ್ಲ ನಮ್ಮ ಹಿರಿಯರು. ರಾಮಾಯಣ ಅವರಿಗೆ ಗೊತ್ತಿರಲಿಲ್ಲ ಅನ್ನೋಣವಾ?

ನಾನು ಕೇಳುವುದು ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿಯುವಾಗ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿರುತ್ತದೆ, ಕಿವಿ ಖಾಲಿ. ಪತ್ತೇದಾರಿ ಕಾದಂಬರಿ ಇದಕ್ಕೆ ಚೆನ್ನ. ಆದರೆ ಪಟೋರ, ಕರಿಗೋಟು ಅಂತ ಕಡಿಮೆ ದರ್ಜೆಯ ಅಡಿಕೆ ಬೇರೆ ಮಾಡುವಾಗ ಕಣ್ಣೂ ತಲೆಯೂ ಅಡಿಕೆಯ ಮೇಲೆ. ಒಮ್ಮೆ ಹಾಗೆ ಹೆಕ್ಕುತ್ತಾ ಕೇಳಿ, ಎರಡು ಅಧ್ಯಾಯ ಕಳೆದ ಮೇಲೆ ಎಲ್ಲರೂ ಯಾಕೆ ಅಳುತ್ತಿದ್ದಾರೆ ಅಂತ ತಿಳಿಯದೆ ಹಿಂದಕ್ಕೆ ಹೋದರೆ, ಕತೆಯ ಯಜಮಾನರು ತೀರಿಕೊಂಡೇ ಬಿಟ್ಟಿದ್ದರು! ಹೆಸರುಗಳು ಜಾಸ್ತಿ ಇರುವ ಪುಸ್ತಕವೂ ಕೇಳಲು ಕಷ್ಟ. ಇನ್ನು ಓದುವವರ ದನಿ. ಕೆಲವರು ಪ್ರತಿ ಮಾತಿಗೂ ಯಕ್ಷಗಾನದ ರಾಕ್ಷಸರ ಬಣ್ಣದ ವೇಷದ ಹಾಗೆ ಅಬ್ಬರಿಸುತ್ತಾರೆ. ದುಡ್ಡು ಕೊಡುವ ಮೊದಲು ಐದು ನಿಮಿಷದ ಮಾದರಿ ಕೇಳಿ ನೋಡಲು ಹೇಳಿ. ಮಲಗಿಕೊಂಡು ಕೇಳುವವರಾದರೆ ಹೊತ್ತಾದ ಮೇಲೆ ತಾನಾಗಿ ನಿಲ್ಲಿಸುವ ಸ್ಲೀಪ್ ಟೈಮರ್ ಇಡಲಿ. ಇಲ್ಲವಾದರೆ ಅವರ ಗೊರಕೆ, ಅದರ ಕತೆ, ಎರಡೂ ನಿಮ್ಮ ಪಾಲಿಗೆ.

ಪ್ರಶ್ನೆ: ದುಡ್ಡು ಕೊಟ್ಟು ಕೊಂಡ ಇ-ಪುಸ್ತಕವನ್ನು ಪಕ್ಕದ ಮನೆಯವರಿಗೆ ಓದಲು ಕೊಡಬಹುದಾ?
(ಪೆರ್ಲದ ಓದುಗರು)

ಉತ್ತರ: ಸಾಧಾರಣವಾಗಿ ಆಗುವುದಿಲ್ಲ. ಪುಸ್ತಕ ನಿಮ್ಮ ಖಾತೆಗೆ ಕಟ್ಟಿಕೊಂಡಿರುತ್ತದೆ. ಕೊಡುವುದಾದರೆ ಫೋನನ್ನೋ ಟ್ಯಾಬನ್ನೋ ಕೊಡಬೇಕು.

ನನಗೆ ಇದು ದೊಡ್ಡ ತೊಂದರೆ. ನಮ್ಮ ಪಕ್ಕದ ಮನೆಯ ಮಾಷ್ಟ್ರು ನನ್ನಿಂದ ಪುಸ್ತಕ ಒಯ್ದರೆ, ನಾನು ಪೆನ್ಸಿಲಿನಲ್ಲಿ ಗೀಟು ಹಾಕಿದ ಕಡೆಯೆಲ್ಲ ‘ಇದರಲ್ಲಿ ಏನುಂಟು?’ ಅಂತ ಬರೆದು ಹಿಂದಿರುಗಿಸುತ್ತಾರೆ. ನಾನು ಅದರ ಕೆಳಗೆ ಉತ್ತರ ಬರೆದು ಮತ್ತೆ ಕಳಿಸುತ್ತೇನೆ. ಹೋದ ತಿಂಗಳು ಟ್ಯಾಬ್‌ನಲ್ಲಿ ಒಂದು ಕಾದಂಬರಿ ಓದಿ ಮುಗಿಸಿದೆ. ಜಗಳಕ್ಕೆ ಜನ ಬೇಕಾಯಿತು. ಪುತ್ತೂರಿಗೆ ಹೋಗಿ ಅದೇ ಕಾದಂಬರಿಯನ್ನು ಮತ್ತೊಮ್ಮೆ ದುಡ್ಡು ಕೊಟ್ಟು ತಂದೆ, ಗೀಟು ಹಾಕಿ ಮಾಷ್ಟ್ರಿಗೆ ಕೊಟ್ಟೆ. ಇನ್ನೂ ವಾಪಸ್ ಬಂದಿಲ್ಲ.