ಕುರ್ಚಿಯಿಂದ ಎದ್ದು ಮೂರು ಮೀಟರ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 77 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ಹತ್ತಿರದ ದುಗ್ಧಗ್ರಂಥಿಗಳಿಗೂ ಹರಡಿದ್ದರಿಂದ ಕೀಮೋ ಮಾತು ಬಂದಿತ್ತು. "ಏನೂ ಬಿಡೋದು ಬೇಡ, ಪೂರ್ತಿ ಕೊಡಿಸೋಣ" ಅಂದರು ಮಗ. "ಈ ವಯಸ್ಸಲ್ಲಿ ಅಮ್ಮನಿಗೆ ಯಾಕೆ ಆ ಹಿಂಸೆ?" ಅಂದರು ಮಗಳು. ನಡುವೆ ಕೂತ ಅಮ್ಮ ತುಟಿ ಬಿಚ್ಚಲಿಲ್ಲ. ನೆನಪು ಮಂಕಾಗಿರಬೇಕು ಅಂದುಕೊಂಡು ನಾನೂ ಅರ್ಧ ಗಂಟೆ ಮಕ್ಕಳ ಜೊತೆಗೇ ಮಾತಾಡಿದೆ.

ತೀರ್ಮಾನಕ್ಕೆ ಮೊದಲು ಜೀರಿಯಾಟ್ರಿಕ್ ಅಸೆಸ್‌ಮೆಂಟ್, ಅಂದರೆ ವಯಸ್ಸಾದವರ ನಡಿಗೆ, ನೆನಪು, ಔಷಧಿ ಎಲ್ಲವನ್ನೂ ನೋಡುವ ತಪಾಸಣೆ, ಮಾಡಿಸೋಣ ಅಂತ ಡಾಕ್ಟರ್ ಹೇಳಿದರು. ಮೊದಲು ಜಿ8 ಎಂಬ ಎಂಟು ಪ್ರಶ್ನೆಗಳು. 17ಕ್ಕೆ 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೂರ್ತಿ ತಪಾಸಣೆ ಬೇಕು. ಇವರಿಗೆ 11 ಬಂತು. "ಹಾಗಾದ್ರೆ ಫೇಲಾ?" ಅಂದರು ಮಗ. ಇದರಲ್ಲಿ ಪಾಸು, ಫೇಲು ಇಲ್ಲ. ಎಲ್ಲಿ ಆಸರೆ ಬೇಕು ಅಂತ ಹುಡುಕೋದು, ಅಷ್ಟೇ.

ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಏಳುವಾಗ ಎರಡೂ ಕೈ ಊರಿದರು. ತಿರುಗುವಾಗ ಗೋಡೆ ಹಿಡಿದರು. 16 ಸೆಕೆಂಡ್. ಆರು ತಿಂಗಳಲ್ಲಿ ಬಿದ್ದಿದ್ದೀರಾ ಅಂದರೆ ಮಕ್ಕಳ ಕಡೆ ನೋಡಿದರು. ಆಮೇಲೆ ಎರಡು ಬೆರಳು ತೋರಿಸಿದರು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ!

ನೆನಪಿನ ಪರೀಕ್ಷೆಗೆ ಮೂರು ಪದ ಹೇಳಿದೆವು. ಒಂದನ್ನೂ ತಿರುಗಿ ಹೇಳಲಿಲ್ಲ. ಮಾಸ್ಕ್ ತೆಗೆದು, ಎದುರು ಕೂತು, ನಿಧಾನವಾಗಿ ಹೇಳಿದೆ. ಮೂರೂ ಬಂದವು. ಗಡಿಯಾರ ಬಿಡಿಸಿ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮುಳ್ಳನ್ನೂ ಸರಿಯಾಗಿ ಇಟ್ಟರು. ತೊಂದರೆ ಕಿವಿಯದು. ಕೀಮೋ ಎಷ್ಟು ಕಾಡಬಹುದು ಅಂತ ಅಂದಾಜಿಸುವ ಕಾರ್ಗ್ ಲೆಕ್ಕದಲ್ಲಿ ಕಿವಿ ಹೇಗೆ ಕೇಳುತ್ತದೆ, ಇತ್ತೀಚೆಗೆ ಬಿದ್ದಿದ್ದೀರಾ ಅನ್ನೋ ಪ್ರಶ್ನೆಗಳೂ ಇವೆ. ಸುಮ್ನೆ ಕೇಳೋ ಪ್ರಶ್ನೆಗಳಲ್ಲ.

ಚೀಲದಿಂದ 11 ಬಗೆಯ ಮಾತ್ರೆ ಹೊರಬಂದವು. ಒಂದು ನಿದ್ದೆಯದು, ಇನ್ನೊಂದು ತುರಿಕೆಯದು. ಎರಡೂ ಮಂಪರು ತರುವಂಥವು. ಬೀಳೋದಕ್ಕೆ ಅಷ್ಟು ಸಾಕಿತ್ತು.

ನಿಮಗೇನು ಬೇಕು ಅಂತ ಆಗ ಅವರನ್ನೇ ಕೇಳಿದೆ. "ನನ್ನ ಕೆಲಸ ನಾನೇ ಮಾಡ್ಕೋಬೇಕು. ಹೊಲಿಗೆ ಬಿಡಲ್ಲ. ಬೆರಳು ಜೋಮು ಹಿಡಿಯೋ ಔಷಧಿ ಬೇಡ."

ಜೋಮು ತರುವುದು ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ. ಪಾದಕ್ಕೂ ಜೋಮು ಬಂದರೆ ಇವರು ಇನ್ನೂ ಬೀಳುತ್ತಾರೆ. ಮೇಲಾಗಿ 70 ದಾಟಿದವರಲ್ಲಿ ಈ ಹಂತದಲ್ಲಿ ಅದನ್ನು ಸೇರಿಸುವುದರಿಂದ ಹೆಚ್ಚಿನ ಲಾಭ ಕಂಡಿಲ್ಲ. ಡಾಕ್ಟರ್ ಅದನ್ನು ಬಿಟ್ಟು ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆ ಒಂದನ್ನೇ, ಸ್ವಲ್ಪ ಕಡಿಮೆ ಡೋಸಿನಿಂದ ಶುರು ಮಾಡಿದರು.

"ಕಡಿಮೆ ಕೊಟ್ರೆ ಆಯಸ್ಸೂ ಕಡಿಮೆ ಆಗಲ್ವಾ?" ಮಗನ ಪ್ರಶ್ನೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 70 ದಾಟಿದ 718 ಜನರಿದ್ದರು. ತಪಾಸಣೆಯ ವರದಿ ಡಾಕ್ಟರ ಕೈಗೆ ಸಿಕ್ಕ ಗುಂಪಿನಲ್ಲಿ ತೀವ್ರ ಅಡ್ಡಪರಿಣಾಮ 51%, ಇನ್ನೊಂದರಲ್ಲಿ 71%. ಒಂದು ವರ್ಷದ ಬದುಕುಳಿಯುವಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಆದರೆ ಆ ಅಧ್ಯಯನದಲ್ಲಿದ್ದವರದ್ದು ಮುಂದುವರಿದ, ವಾಸಿಯಾಗದ ಹಂತ. ಅಮ್ಮನ ಲೆಕ್ಕ ಬೇರೆ ಅಂತಲೂ ಹೇಳಿದೆ.

ನಾನು ಕೊಟ್ಟ ಸಲಹೆ ಮನೆಗೆ ಸಂಬಂಧಿಸಿದ್ದು. ಕಿವಿಯ ಯಂತ್ರ ಮೊದಲು, ಕೀಮೋ ಆಮೇಲೆ. ನಿದ್ದೆ ಮಾತ್ರೆ ಒಮ್ಮೆಲೇ ಬಿಡಬೇಡಿ, ಡಾಕ್ಟರ್ ಹೇಳಿದಂತೆ ಇಳಿಸಿ. ಬಚ್ಚಲಿಗೆ ಹಿಡಿಕೆ ಹಾಕಿಸಿ, ಫಿಸಿಯೋ ಕಲಿಸಿದ ವ್ಯಾಯಾಮ ತಪ್ಪಿಸಬೇಡಿ. ಮಾತ್ರೆ ಡಬ್ಬಿ ತುಂಬಿಸುವುದು ಒಬ್ಬರದೇ ಜವಾಬ್ದಾರಿಯಾಗಲಿ. ಮಗಳು ಒಪ್ಪಿಕೊಂಡರು. ಬೇಡ ಅಂದಿದ್ದವರೇ!

ಮೂರನೇ ಸುತ್ತಿನಲ್ಲಿ ಅಂಗಾಲು ಕೆಂಪಾಗಿ ಉರಿ ಶುರುವಾಯಿತು. ಮಗಳು ಅವತ್ತೇ ಫೋನ್ ಮಾಡಿದರು. ಡಾಕ್ಟರ್ ಮಾತ್ರೆ ಕೆಲ ದಿನ ನಿಲ್ಲಿಸಿ ಡೋಸ್ ಇಳಿಸಿದರು. ಮುಂದಿನ ಭೇಟಿಯಲ್ಲಿ ಮತ್ತೆ ನಡೆಸಿ ನೋಡಿದೆವು, 13 ಸೆಕೆಂಡ್. ಗೋಡೆ ಮುಟ್ಟಲಿಲ್ಲ.