ಓದುಗರ ಪ್ರಶ್ನೆ: ಅರ್ಥಶಾಸ್ತ್ರದ ಸಂಶೋಧನೆಯಿಂದ ನಮಗೇನು ಪ್ರಯೋಜನ?

ಪ್ರಶ್ನೆ: ನನ್ನ ಮಗಳು ರಾಯಚೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದು, ಮುಂದೆ ಸಂಶೋಧನೆ ಮಾಡುವೆನೆನ್ನುತ್ತಾಳೆ. ಇಂಥ ಸಂಶೋಧನೆಯನ್ನು ಸರ್ಕಾರ ನಿಜವಾಗಿ ಓದುತ್ತದೆಯೇ? ನಾಲೆಯ ಕೆಳಭಾಗದಲ್ಲಿ ಭತ್ತ ಬೆಳೆಯುವ ನನ್ನಂಥವರಿಗೆ ಅದರಿಂದ ಏನು ಪ್ರಯೋಜನ?
– ರೈತರೊಬ್ಬರು, ಮಾನ್ವಿ ತಾಲ್ಲೂಕು

ಉತ್ತರ: ಸರ್ಕಾರ ಎಲ್ಲವನ್ನೂ ಓದುವುದಿಲ್ಲ. ಆದರೆ ಓದಿ ನಡೆದುಕೊಂಡ ನಿದರ್ಶನಗಳು ನಿಮ್ಮ ಭಾಗದಲ್ಲಿಯೇ ಇವೆ. ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿಯು 2002ರ ವರದಿಯಲ್ಲಿ ರಾಜ್ಯದ ಅಂದಿನ 175 ತಾಲ್ಲೂಕುಗಳನ್ನು ಕೃಷಿ, ಶಿಕ್ಷಣ, ಆರೋಗ್ಯ ಮೊದಲಾದ ಸೂಚಕಗಳಿಂದ ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ತೋರಿಸಿತು. ದೇವದುರ್ಗ ಆ 39ರಲ್ಲಿ ಒಂದು. ಈ ಭಾಗಕ್ಕೆ ಅನ್ಯಾಯವಾಗಿದೆ ಎಂಬ ಹಳೆಯ ಅಳಲಿಗೆ ತಾಲ್ಲೂಕುವಾರು ಲೆಕ್ಕ ದೊರೆತದ್ದು ಆಗಲೇ. 2007-08ರಲ್ಲಿ ಆರಂಭವಾದ ವಿಶೇಷ ಅಭಿವೃದ್ಧಿ ಯೋಜನೆಗೆ ಅದೇ ವರದಿ ಆಧಾರವಾಯಿತು.

ಕೊರತೆ ಎಲ್ಲಿದೆ ಎಂದು ಕಂಡುಕೊಳ್ಳುವುದಕ್ಕಿಂತಲೂ, ಅದನ್ನು ನೀಗಿಸಲು ಕೈಗೊಂಡ ಕ್ರಮ ಫಲ ಕೊಟ್ಟಿತೇ ಎಂದು ತಿಳಿಯುವುದು ಕಠಿಣ. 2021ರ ಡಿಸೆಂಬರಿನಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ, ಯಾದಗಿರಿ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲಾರಂಭಿಸಿದಾಗ ತೀವ್ರ ವಿರೋಧವೂ ಬಂತು. ಕೆಲವು ತಿಂಗಳ ಬಳಿಕ ಮಕ್ಕಳ ತೂಕ ಹೆಚ್ಚಿದೆ ಎಂದಷ್ಟೇ ಹೇಳಿದರೆ ಏನೂ ಸಾಬೀತಾಗುತ್ತಿರಲಿಲ್ಲ, ಏಕೆಂದರೆ ಬೆಳೆಯುವ ಮಕ್ಕಳ ತೂಕ ಮೊಟ್ಟೆಯಿಲ್ಲದೆಯೂ ಹೆಚ್ಚುತ್ತದೆ. ಆದ್ದರಿಂದ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಯನವು ಮೊಟ್ಟೆ ಪಡೆಯುತ್ತಿದ್ದ ಯಾದಗಿರಿಯ ಮಕ್ಕಳ ಬೆಳವಣಿಗೆಯನ್ನು, ಆಗಿನ್ನೂ ಪಡೆಯದಿದ್ದ ಗದಗದ ಮಕ್ಕಳ ಬೆಳವಣಿಗೆಯೊಂದಿಗೆ ಹೋಲಿಸಿತು. ಯಾದಗಿರಿಯ ಮಕ್ಕಳು ಹೆಚ್ಚು ಬೆಳೆದದ್ದು ಕಂಡುಬಂತು. 2022ರಲ್ಲಿ ಯೋಜನೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಎರಡು ಜಿಲ್ಲೆಗಳು ಎಲ್ಲ ವಿಷಯದಲ್ಲಿಯೂ ಸಮವಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಆದರೂ ಹೋಲಿಕೆಯಿಲ್ಲದ ವಾದಕ್ಕಿಂತ ಇಂಥ ಹೋಲಿಕೆ ಎಷ್ಟೋ ಮೇಲು.

ಮೊಟ್ಟೆ ತಿನ್ನುವುದು ಸರಿಯೇ ತಪ್ಪೇ ಎಂಬುದನ್ನು ಯಾವ ಅಧ್ಯಯನವೂ ತೀರ್ಮಾನಿಸಲಾರದು. ಅದು ಮನೆಮನೆಯ ನಂಬಿಕೆಗೆ ಸೇರಿದ್ದು. ಕೊಟ್ಟರೆ ಮಗುವಿನ ಮೈಗೆ ಏನಾಗುತ್ತದೆ ಎಂಬುದನ್ನು ಮಾತ್ರ ಅಧ್ಯಯನ ಹೇಳಬಲ್ಲದು. ಈ ಗಡಿಯನ್ನು ಮರೆತು ಮಾತನಾಡುವ ತಜ್ಞರ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ನಿಮ್ಮ ಹೊಲದ ವಿಷಯ. ಅಂಗಡಿಯವರು ಹೇಳಿದ ಹೊಸ ಗೊಬ್ಬರ ಹಾಕಿದ ವರ್ಷ ಇಳುವರಿ ಹೆಚ್ಚಿತೆನ್ನಿ. ಅದೇ ವರ್ಷ ತುಂಗಭದ್ರಾ ಜಲಾಶಯ ತುಂಬಿ, ನಾಲೆಯ ನೀರು ನಿಮ್ಮ ಕೊನೆಯ ಭಾಗದವರೆಗೂ ಸಕಾಲಕ್ಕೆ ಬಂದಿದ್ದರೆ, ಹೆಚ್ಚಿದ ಚೀಲಗಳು ಗೊಬ್ಬರದವೋ ನೀರಿನವೋ ಎಂದು ಹೇಳುವುದು ಹೇಗೆ? ಒಂದೇ ಮಣ್ಣು, ಒಂದೇ ತಳಿ, ಒಂದೇ ನೀರಿನ ಸರದಿ ಇರುವಲ್ಲಿ ನಾಲ್ಕು ಗುಂಟೆಗೆ ಆ ಗೊಬ್ಬರ ಹಾಕದೆ ಬಿಟ್ಟು, ಅಲ್ಲಿನ ಭತ್ತವನ್ನು ಬೇರೆಯಾಗಿಯೇ ತೂಗಿಸಿ. ಸಾಧ್ಯವಾದರೆ ಎರಡನೆಯ ಹಂಗಾಮಿನಲ್ಲಿಯೂ ಹಾಗೆಯೇ ಮಾಡಿ. ವ್ಯತ್ಯಾಸದ ಬೆಲೆ ಗೊಬ್ಬರದ ಖರ್ಚನ್ನು ಮೀರಿದರೆ ಮಾತ್ರ ಮುಂದುವರಿಸಿ.

ಮಗಳಿಗೆ ನನ್ನ ಸಲಹೆ ಇಷ್ಟೆ: ನಂಜುಂಡಪ್ಪ ವರದಿಯಲ್ಲಿ ಮಾನ್ವಿಯ ಅಂಕಿಗಳನ್ನು ಹುಡುಕಿ, ಅದೇ ಸೂಚಕಗಳಲ್ಲಿ ತಾಲ್ಲೂಕು ಇಂದು ಎಲ್ಲಿದೆ ಎಂದು ಲೆಕ್ಕ ಹಾಕಲಿ. ಎಂ.ಎ. ಪ್ರಬಂಧಕ್ಕೆ ಅದಕ್ಕಿಂತ ಒಳ್ಳೆಯ ವಿಷಯ ನನಗೆ ತೋರುತ್ತಿಲ್ಲ.